ಕುದುರೆಗಾಗಿ ಅತ್ತವರು

ಚಿತ್ರಮಂದಿರದಿಂದ ಹೊರಬರುವವರ ಮುಖವನ್ನು ನೋಡುವುದೇ ಒಂದು ವಿನೋದ. ಒಳಗಣ ಕತ್ತಲೆಯಲ್ಲಿ ಒಂದೇ ಮನಸ್ಸಾಗಿ ಕುಳಿತಿದ್ದ ಜನ ಬಾಗಿಲ ಬೆಳಕಿಗೆ ಬಂದೊಡನೆ ನೂರು ಮನಸ್ಸಾಗುತ್ತಾರೆ. ಕಣ್ಣೊರಸಿಕೊಂಡವನೇ ಎಲ್ಲರಿಗಿಂತ ಮೊದಲು ಚಿತ್ರವನ್ನು ಹಳಿಯುವುದೂ ಉಂಟು. ತಾನು ಅತ್ತದ್ದು ಯೋಗ್ಯವಾದ ವಸ್ತುವಿಗಾಗಿಯೋ ಅಲ್ಲವೋ ಎಂಬ ಸಂಶಯ ಅವನಲ್ಲಿ ಮೂಡಿರುತ್ತದೆ. ಇಂತಹ ಸಂಶಯಕ್ಕೆ ಬಹುಮಂದಿಯನ್ನು ಗುರಿಮಾಡಿದ ಚಿತ್ರಗಳಲ್ಲಿ ಸ್ಟೀವನ್ ಸ್ಪೀಲ್‌ಬರ್ಗನ ‘ವಾರ್ ಹಾರ್ಸ್’ ಎಂಬುದು ಒಂದು. 2011ರ ಡಿಸೆಂಬರ್ 25ರಂದು ಅಮೆರಿಕದಲ್ಲಿಯೂ, 2012ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿಯೂ ಅದು ತೆರೆಗೆ ಬಂದಿತು. ಆಸ್ಕರ್ ಪಾರಿತೋಷಕಕ್ಕೆ 6 ವಿಭಾಗಗಳಲ್ಲಿ ಅದರ ಹೆಸರು ಸೂಚಿತವಾಯಿತು, ಒಂದೂ ಕೈಗೂಡಲಿಲ್ಲ. ಆದರೆ ನೋಡಿದವರ ವಾದ ಇಂದಿಗೂ ಮುಗಿದಿಲ್ಲ.

ಕಥೆ ಸರಳವಾದುದು. ಇಂಗ್ಲೆಂಡಿನ ಡೆವನ್ ಪ್ರಾಂತದ ಬಡ ಒಕ್ಕಲಿಗನೊಬ್ಬನು ತನ್ನ ಶಕ್ತಿಗೆ ಮೀರಿದ ಬೆಲೆ ಕೊಟ್ಟು ಒಂದು ಕುದುರೆಯ ಮರಿಯನ್ನು ತರುತ್ತಾನೆ. ಮಗ ಆಲ್ಬರ್ಟನು ಅದಕ್ಕೆ ಜೋಯಿ ಎಂದು ಹೆಸರಿಟ್ಟು ಸಾಕಿ, ನೇಗಿಲು ಎಳೆಯಲು ಕಲಿಸುತ್ತಾನೆ. 1914ರಲ್ಲಿ ಮಹಾಯುದ್ಧ ಬರುತ್ತದೆ. ತಂದೆ ಕುದುರೆಯನ್ನು ಸೈನ್ಯಕ್ಕೆ ಮಾರುತ್ತಾನೆ. ಮುಂದೆ ಅದು ಇಂಗ್ಲಿಷ್ ಕ್ಯಾಪ್ಟನ್ನನ ಕೈಯಿಂದ ಜರ್ಮನ್ ಸೋದರರ ಕೈಗೆ, ಅವರಿಂದ ಫ್ರಾನ್ಸಿನ ಬಾಲಿಕೆಯೊಬ್ಬಳ ಮತ್ತು ಅವಳ ತಾತನ ಕೈಗೆ, ಅಲ್ಲಿಂದ ಫಿರಂಗಿ ಎಳೆಯುವ ನೊಗಕ್ಕೆ ಹೋಗುತ್ತದೆ. ಕೊನೆಗೆ ಮುಳ್ಳುತಂತಿಯಲ್ಲಿ ಸಿಕ್ಕಿ ಎರಡು ಸೈನ್ಯಗಳ ನಡುವಣ ಬಯಲಿನಲ್ಲಿ ಬೀಳುತ್ತದೆ. ಅಲ್ಲಿಂದ ಬದುಕಿ, ತನ್ನನ್ನು ಹುಡುಕುತ್ತ ಸೈನ್ಯ ಸೇರಿದ್ದ ಆಲ್ಬರ್ಟನನ್ನು ಮತ್ತೆ ಕೂಡುತ್ತದೆ.

ಪ್ರೇಕ್ಷಕರ ಮೊದಲನೆಯ ಆಕ್ಷೇಪವೆಂದರೆ ಕಥೆಗೆ ಏಕಸೂತ್ರತೆ ಇಲ್ಲವೆಂಬುದು. ಒಬ್ಬ ಪಾತ್ರನಲ್ಲಿ ಮನಸ್ಸು ನೆಲೆಗೊಳ್ಳುವಷ್ಟರಲ್ಲಿ ಅವನು ಮರೆಯಾಗುತ್ತಾನೆ ಎಂದು ಅವರು ದೂರುತ್ತಾರೆ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಕೇಳಿ ಬೆಳೆದ ಕನ್ನಡಿಗನಿಗೆ ಈ ಆಕ್ಷೇಪ ಅಷ್ಟು ಬಲವಾದುದೆಂದು ತೋರದು. ಅಲ್ಲಿಯೂ ಯಜ್ಞಾಶ್ವವು ದೇಶದಿಂದ ದೇಶಕ್ಕೆ ಹೋಗುತ್ತದೆ; ಅದು ಕಾಲಿಟ್ಟಲ್ಲಿ ಸುಧನ್ವನ ಕಥೆ, ಬಭ್ರುವಾಹನನ ಕಥೆ ಹುಟ್ಟುತ್ತವೆ. ಕುದುರೆಯೇ ಅಲ್ಲಿ ಸೂತ್ರ. ಆದರೆ ಭೇದವೊಂದುಂಟು. ಅಶ್ವಮೇಧದ ಕುದುರೆ ಒಡೆಯನ ಪ್ರತಾಪವನ್ನು ಹೊತ್ತು ನಡೆಯುತ್ತದೆ; ಜೋಯಿಯಾದರೋ ಯಾರ ಪ್ರತಾಪವನ್ನೂ ಹೊತ್ತದ್ದಲ್ಲ. ಅದನ್ನು ತಡೆದು ನಿಲ್ಲಿಸಿದವನು ಶತ್ರುವಾಗುವುದಿಲ್ಲ, ಸ್ನೇಹಿತನಾಗುತ್ತಾನೆ.

ಎರಡನೆಯದು ಭಾಷೆಯ ವಿಚಾರ. ಜರ್ಮನರೂ ಫ್ರೆಂಚರೂ ತಮ್ಮತಮ್ಮ ಉಚ್ಚಾರದ ಇಂಗ್ಲಿಷನ್ನೇ ಆಡುವುದು ಅನೇಕರ ಕಿವಿಗೆ ಒಗ್ಗಲಿಲ್ಲ. ಇದು ನ್ಯಾಯವಾದ ದೂರು. ಭಾಷೆ ಬೇರೆಯಾದ್ದರಿಂದಲೇ ಪರಕೀಯರಾದ ಜನ ಒಂದು ಮೂಕಪ್ರಾಣಿಯ ಮುಂದೆ ಒಂದಾಗುತ್ತಾರೆಂಬುದು ಕಥೆಯ ತಿರುಳಾಗಿರುವಾಗ, ಎಲ್ಲರ ಬಾಯಲ್ಲಿಯೂ ಒಂದೇ ಮಾತನ್ನಿಟ್ಟರೆ ತಿರುಳೇ ಸವೆಯುತ್ತದೆ.

ಮೂರನೆಯ ಪಂಗಡದವರು ನಾಟಕವನ್ನು ಮೊದಲು ನೋಡಿದವರು. ಮೈಕೇಲ್ ಮಾರ್ಪರ್ಗೊ 1982ರಲ್ಲಿ ಮಕ್ಕಳಿಗಾಗಿ ಬರೆದ ಕಾದಂಬರಿ ಈ ಎಲ್ಲಕ್ಕೂ ಮೂಲ. ಅದರಲ್ಲಿ ಕುದುರೆಯೇ ತನ್ನ ಕಥೆಯನ್ನು ಹೇಳಿಕೊಳ್ಳುತ್ತದೆ. 2007ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಅದನ್ನು ರಂಗಕ್ಕೆ ತಂದಾಗ, ದಕ್ಷಿಣ ಆಫ್ರಿಕದ ಹ್ಯಾಂಡ್‌ಸ್ಪ್ರಿಂಗ್ ಗೊಂಬೆಯಾಟದ ಮಂಡಲಿಯವರು ಬೆತ್ತದ ಹಂದರದ ಕುದುರೆಯನ್ನು ಕಟ್ಟಿದರು. ಆಡಿಸುವವರು ಕಣ್ಣೆದುರಿಗೇ ಇದ್ದರೂ ಪ್ರೇಕ್ಷಕರಿಗೆ ಅವರು ಕಾಣದೆ ಹೋದರು. ಕಂಡದ್ದು ಉಸಿರಾಡುವ ಕುದುರೆಯೊಂದೇ. ಚಿತ್ರದಲ್ಲಿ ನಿಜವಾದ ಕುದುರೆಗಳಿದ್ದರೂ ಆ ಜೀವಕಳೆ ಇಲ್ಲವೆಂದು ಇವರ ಅಭಿಪ್ರಾಯ. ಸೂತ್ರದ ಬೊಂಬೆಯಾಟವನ್ನು ಕಂಡ ನಮ್ಮ ಹಳ್ಳಿಗರಿಗೆ ಇದು ಹೊಸ ಮಾತಲ್ಲ. ಕಣ್ಣಿಗೆ ಎಲ್ಲವನ್ನೂ ಕೊಟ್ಟರೆ ಕಲ್ಪನೆಗೆ ಕೆಲಸ ಉಳಿಯುವುದಿಲ್ಲ. ಕೆಲಸವಿಲ್ಲದ ಕಲ್ಪನೆ ನಿದ್ರೆ ಹೋಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದ ಆಕ್ಷೇಪ: ಚಿತ್ರ ಅಳಿಸಲೆಂದೇ ಹೂಡಿದ್ದು. ಜಾನ್ ವಿಲಿಯಮ್ಸನ ಸಂಗೀತ ಇಲ್ಲಿ ಅಳಿರೆಂದು ಅಪ್ಪಣೆ ಕೊಡುತ್ತದೆ. ಕೊನೆಯ ದೃಶ್ಯದ ಆಕಾಶ ಯಾವ ಸಂಜೆಯೂ ಆಗದಷ್ಟು ಕೆಂಪಾಗುತ್ತದೆ. ಇದನ್ನು ಅಲ್ಲಗಳೆಯುವಂತಿಲ್ಲ. ನಮ್ಮ ಅಲಂಕಾರಿಕರು ಶೋಕವನ್ನೂ ಕರುಣರಸವನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆ. ಶೋಕ ಭಾವ, ಅದು ಪಕ್ವವಾಗಿ ಆಸ್ವಾದಕ್ಕೆ ಬಂದಾಗ ರಸ. ಕಣ್ಣೀರನ್ನು ಹಿಂಡಿ ತೆಗೆದಲ್ಲಿ ಭಾವವು ರಸದವರೆಗೆ ಹೋಗುವುದಿಲ್ಲ. ಆದರೆ ಇದೇ ಚಿತ್ರದಲ್ಲಿ ಸಂಯಮದ ಸ್ಥಳಗಳೂ ಉಂಟು. ಓಡಿಹೋದ ಜರ್ಮನ್ ಸೋದರರಿಬ್ಬರನ್ನು ಅವರ ಕಡೆಯವರೇ ಗುಂಡಿಟ್ಟು ಕೊಲ್ಲುವ ಕ್ಷಣದಲ್ಲಿ ಗಾಳಿಯಂತ್ರದ ರೆಕ್ಕೆಯೊಂದು ಅಡ್ಡ ಬರುತ್ತದೆ. ಅದು ಸರಿದಾಗ ಇಬ್ಬರೂ ನೆಲದ ಮೇಲಿರುತ್ತಾರೆ. ಅಶ್ವದಳವು ಯಂತ್ರದ ಬಂದೂಕುಗಳ ಮೇಲೆ ನುಗ್ಗುವಲ್ಲಿ ಸವಾರರು ಬೀಳುವುದಕ್ಕಿಂತ ಸವಾರರಿಲ್ಲದ ಕುದುರೆಗಳು ಬಂದೂಕುಗಳನ್ನು ಹಾರಿ ಹೋಗುವುದೇ ಕಾಣುತ್ತದೆ. ಅಳಿಸುವುದೊಂದೇ ಉದ್ದೇಶವಾಗಿದ್ದವನು ಇಲ್ಲಿ ತೆರೆ ಎಳೆಯುತ್ತಿರಲಿಲ್ಲ.

ಇಲ್ಲಿಯೇ ಐದನೆಯ, ಎಲ್ಲಕ್ಕಿಂತ ಗಹನವಾದ ಪ್ರಶ್ನೆ ಏಳುವುದು. ಮನುಷ್ಯರ ಸಾವನ್ನು ಮರೆಮಾಡಿ ಕುದುರೆಯ ನೋವನ್ನು ಮಾತ್ರ ಎತ್ತಿ ತೋರಿಸುವುದು ಧರ್ಮವೆ? ಲಕ್ಷಗಟ್ಟಲೆ ತರುಣರು ಮಣ್ಣುಗೂಡಿದ ಯುದ್ಧದಲ್ಲಿ ಒಂದು ಪ್ರಾಣಿ ಮನೆಗೆ ಮರಳಿತೆಂದು ಹರ್ಷಿಸುವುದು ಸಲ್ಲುವುದೆ? ಹೀಗೆ ಕೇಳಿದವರು ಕಠಿಣಹೃದಯರಲ್ಲ. ಕಣ್ಣೀರು ತಪ್ಪುದಾರಿಗೆ ಹರಿಯಿತೇ ಎಂದು ಅಂಜಿದವರು.

ಇದಕ್ಕೆ ಉತ್ತರ ಚಿತ್ರದ ಉತ್ತಮ ದೃಶ್ಯದಲ್ಲಿದೆ. ಹಳಿದವರೂ ಈ ದೃಶ್ಯವನ್ನು ಹೊಗಳಿದ್ದಾರೆ. ಮುಳ್ಳುತಂತಿಯಲ್ಲಿ ಸಿಕ್ಕ ಜೋಯಿಯ ಬಳಿಗೆ ಇಂಗ್ಲಿಷ್ ಸೈನಿಕನೊಬ್ಬನು ಕಂದಕವನ್ನು ಬಿಟ್ಟು ಬರುತ್ತಾನೆ. ತಂತಿ ಕತ್ತರಿಸುವ ಸಲಕರಣೆ ಹಿಡಿದು ಎದುರುಕಡೆಯಿಂದ ಜರ್ಮನನೊಬ್ಬನು ಬರುತ್ತಾನೆ. ಇಬ್ಬರೂ ಕೂಡಿ ಅದನ್ನು ಬಿಡಿಸಿ, ನಾಣ್ಯ ಚಿಮ್ಮಿ, ಅದು ಯಾರದೆಂದು ತೀರ್ಮಾನಿಸಿ, ಮತ್ತೆ ತಮ್ಮತಮ್ಮ ಕಂದಕಗಳಿಗೆ ಹೋಗುತ್ತಾರೆ. ಅದೇ ಬಯಲಿನಲ್ಲಿ ಗಾಯಗೊಂಡ ಮನುಷ್ಯನು ಬಿದ್ದಿದ್ದರೆ ಇಬ್ಬರೂ ಹೀಗೆ ಬರುತ್ತಿದ್ದರೆ? ಮನುಷ್ಯನ ಮೈಮೇಲೆ ಸಮವಸ್ತ್ರವಿರುತ್ತದೆ. ಅದರ ಬಣ್ಣವನ್ನು ಮೊದಲು ನೋಡಬೇಕಾಗುತ್ತದೆ. ಕುದುರೆಗೆ ಪಕ್ಷವಿಲ್ಲ. ಆದಕಾರಣ ಅದಕ್ಕೆ ತೋರಿದ ಕನಿಕರ ದೇಶದ್ರೋಹವಾಗುವುದಿಲ್ಲ. ಮನುಷ್ಯನಿಗಾಗಿ ಅಳಲು ಅನುಮತಿಯಿಲ್ಲದ ಕಾಲದಲ್ಲಿ ಕುದುರೆಯ ನೆಪದಿಂದ ಅತ್ತರು. ಪ್ರೇಕ್ಷಕನೂ ಅದನ್ನೇ ಮಾಡುತ್ತಾನೆ.

ಉಳಿದುದು ಚರಿತ್ರೆಯನ್ನು ಬಲ್ಲವರ ಮಾತು. ಕುದುರೆ ಮನೆಗೆ ಮರಳುವ ಮುಕ್ತಾಯ ಸುಳ್ಳೆಂಬುದು ಇವರ ವಾದ. ಸುಳ್ಳೆಂದು ಪೂರ್ತಿಯಾಗಿ ಹೇಳಲಾಗದು. ಸೇನಾಪತಿ ಜ್ಯಾಕ್ ಸೀಲಿಯ ‘ವಾರಿಯರ್’ ಎಂಬ ಕುದುರೆ 1914ರಲ್ಲಿ ಫ್ರಾನ್ಸಿಗೆ ಹೋಗಿ, ಯುದ್ಧವನ್ನೆಲ್ಲ ಕಂಡು, ವೈಟ್ ದ್ವೀಪದ ತನ್ನ ಮನೆಗೆ ಮರಳಿ, 1941ರವರೆಗೆ ಬದುಕಿತು. ಆದರೆ ಇಂತಹವು ಎಷ್ಟು? ಆ ಯುದ್ಧದಲ್ಲಿ ಎಲ್ಲ ಪಕ್ಷಗಳಲ್ಲಿಯೂ ಸೇರಿ ಸುಮಾರು 80 ಲಕ್ಷ ಕುದುರೆಗಳು ಸತ್ತವೆಂದು ಎಣಿಕೆ; ಬ್ರಿಟಿಷ್ ಸೈನ್ಯವೊಂದೇ ಕಳೆದುಕೊಂಡದ್ದು ಸುಮಾರು 4,84,000. ಗುಂಡಿಗಿಂತ ಕೆಸರು, ಚಳಿ, ಹಸಿವು, ರೋಗ, ಭಾರ ಇವೇ ಹೆಚ್ಚು ಪ್ರಾಣಗಳನ್ನು ಕೊಂಡವು. ಜೋಯಿಯ ಸಂಗಾತಿ ಟಾಪ್‌ಥಾರ್ನ್ ಎಂಬ ಕರಿಯ ಕುದುರೆ ಫಿರಂಗಿ ಎಳೆದೆಳೆದು ಕುಸಿದು ಸಾಯುವಲ್ಲಿ ಚಿತ್ರ ಈ ಸತ್ಯವನ್ನು ಮುಟ್ಟುತ್ತದೆ. ಆಸ್ಟ್ರೇಲಿಯದಿಂದ ಹಡಗೇರಿದ ಲಕ್ಷಕ್ಕೂ ಮಿಕ್ಕ ಕುದುರೆಗಳಲ್ಲಿ ತಾಯ್ನಾಡಿಗೆ ಮರಳಿದ್ದು ‘ಸ್ಯಾಂಡಿ’ ಎಂಬ ಒಂದೇ ಒಂದು.

ಬದುಕುಳಿದವುಗಳ ಗತಿಯೂ ಸುಖದ್ದಲ್ಲ. 1930ರಲ್ಲಿ ಡೊರೊಥಿ ಬ್ರೂಕ್ ಎಂಬ ಇಂಗ್ಲಿಷ್ ಮಹಿಳೆ ಕೈರೋ ನಗರಕ್ಕೆ ಹೋದಾಗ, ಯುದ್ಧ ಮುಗಿದ ಮೇಲೆ ಮಾರಿಬಿಟ್ಟಿದ್ದ ಸೈನ್ಯದ ಕುದುರೆಗಳು ಮುದಿಯಾಗಿ, ಎಲುಬುಗೂಡಾಗಿ, ಬೀದಿಯ ಬಂಡಿಗಳನ್ನು ಎಳೆಯುತ್ತಿರುವುದನ್ನು ಕಂಡಳು. 1931ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಅವಳು ಬರೆದ ಪತ್ರವನ್ನು ಓದಿ ಜನ ಹಣ ಕಳುಹಿಸಿದರು. ಮೂರು ವರ್ಷಗಳಲ್ಲಿ ಅವಳು ಸುಮಾರು 5,000 ಕುದುರೆಗಳನ್ನು ಕೊಂಡಳು. ಹೆಚ್ಚಿನವಕ್ಕೆ ಅವಳು ಕೊಡಬಹುದಾಗಿದ್ದುದು ನೋವಿಲ್ಲದ ಮರಣವೊಂದೇ. 1934ರಲ್ಲಿ ಅಲ್ಲಿಯೇ ಪ್ರಾಣಿಗಳ ಆಸ್ಪತ್ರೆಯೊಂದನ್ನು ಸ್ಥಾಪಿಸಿದಳು. ಜೋಯಿಗಾಗಿ ಅತ್ತವರು ಈ ಕಥೆಯನ್ನೂ ಅರಿತರೆ ಕಣ್ಣೀರು ವ್ಯರ್ಥವಾಗದು.

ಈ ವಾದದಲ್ಲಿ ಮೈಸೂರಿನವರಿಗೂ ಒಂದು ಪಾಲುಂಟು. ಚಿತ್ರದ ಅಶ್ವದಳದ ದೃಶ್ಯವನ್ನು ಕಂಡ ಹಲವರು, ಯಂತ್ರದ ಬಂದೂಕಿನ ಮುಂದೆ ಕುದುರೆ ಎಂದಿಗೂ ಗೆಲ್ಲಲಾರದೆಂದು ನಿರ್ಧರಿಸಿಬಿಟ್ಟರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದಲ್ಲಿ ಆದದ್ದು ಬೇರೆ. ಮೈಸೂರಿನ ಮತ್ತು ಜೋಧಪುರದ ಭರ್ಜಿಯ ಸವಾರರು ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳಿಗೂ ಯಂತ್ರದ ಬಂದೂಕುಗಳಿಗೂ ಎದುರಾಗಿ ಕುದುರೆ ಬಿಟ್ಟು, ಊರನ್ನು ಹಿಡಿದು, 1,350 ಮಂದಿಯನ್ನು ಸೆರೆಗೊಂಡರು. ಗೆದ್ದವರಲ್ಲಿ ಮಡಿದವರು 8 ಮಂದಿ, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಈ ಎರಡು ಲೆಕ್ಕಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ, ಸವಾರನನ್ನು ಹುಡುಕಿ ಬಂದ ಗುಂಡುಗಳಲ್ಲಿ ಎಷ್ಟನ್ನು ಕುದುರೆ ತನ್ನ ಎದೆಯಲ್ಲಿ ತಡೆಯಿತೆಂಬುದು ಬೇರೆ ಹೇಳಬೇಕಾಗಿಲ್ಲ.

ಮೈಸೂರು, ಜೋಧಪುರ, ಹೈದರಾಬಾದು ಸಂಸ್ಥಾನಗಳ ಆ ಸವಾರರ ನೆನಪಿಗೆ 1922ರಲ್ಲಿ ದೆಹಲಿಯಲ್ಲಿ ನಿಲ್ಲಿಸಿದ ಸ್ಮಾರಕವನ್ನು ತೀನ್ ಮೂರ್ತಿ ಎನ್ನುತ್ತಾರೆ. ಹೆಸರೇ ಹೇಳುವಂತೆ ಅಲ್ಲಿರುವ ಮೂರ್ತಿಗಳು ಮೂರು. ಮೂವರೂ ಸವಾರರು; ಮೂವರೂ ನೆಲದ ಮೇಲೆ ನಿಂತಿದ್ದಾರೆ. ಕುದುರೆ ಒಂದೂ ಇಲ್ಲ.