ಬೆಟ್ಟದ ನೀರಿಗೊಂದು ದಾರಿ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವರು ಬಯಲುಸೀಮೆಯವರಿರಬೇಕು. ಬೆಟ್ಟದ ಮಗ್ಗುಲನ್ನೇ ಕಡಿದು ಮನೆ ಕಟ್ಟಿಕೊಂಡವರಿಗೆ ಅದು ದೂರವೂ ಅಲ್ಲ, ನುಣ್ಣಗೂ ಅಲ್ಲ.

ಹಾಂಗ್‌ಕಾಂಗಿನ ಜನ ಇದನ್ನು 1972ರ ಜೂನ್ 18ರಂದು ಅರಿತರು. ಎಡೆಬಿಡದ ಮಳೆಯಲ್ಲಿ ಸೌ ಮೌ ಪಿಂಗ್‌ನ ಬಡವರ ಗುಡಿಸಲುಗಳೂ ಪೋ ಶಾನ್ ರಸ್ತೆಯ ಸಿರಿವಂತರ ಬಹುಮಹಡಿ ಮನೆಯೂ ಒಂದೇ ದಿನ ಮಣ್ಣುಪಾಲಾದವು. 138 ಜೀವಗಳು ಹೋದವು. ಸೌ ಮೌ ಪಿಂಗ್‌ನಲ್ಲಿ ಸಡಿಲವಾಗಿ ಸುರಿದಿದ್ದ ಮಣ್ಣಿನೊಳಕ್ಕೆ ನೀರಿಳಿದು ಕಣಕಣಗಳ ಹಿಡಿತವೇ ತಪ್ಪಿತ್ತು. 1976ರಲ್ಲಿ ಅದೇ ಊರಿನಲ್ಲಿ ಮತ್ತೆ 18 ಮಂದಿ ಸತ್ತರು.

1977ರಲ್ಲಿ ಸರ್ಕಾರ ಇಳಿಜಾರುಗಳ ರಕ್ಷಣೆಗೆಂದೇ ಒಂದು ಕಚೇರಿಯನ್ನು ತೆರೆಯಿತು. ಅದು ಪವಾಡವನ್ನೇನೂ ಮಾಡಲಿಲ್ಲ. ಸಡಿಲ ಮಣ್ಣನ್ನು ದಮ್ಮಸು ಮಾಡಿಸಿತು. ನೀರು ಹರಿಯಲು ಕಾಲುವೆ ತೋಡಿಸಿತು. ತಡೆಗೋಡೆಗಳಲ್ಲಿ ನೀರು ಬಸಿಯಲು ರಂಧ್ರಗಳನ್ನು ಇರಿಸಿತು. ಭಾರಿ ಮಳೆಗೆ ಮುನ್ನ ಜನರನ್ನು ಎಚ್ಚರಿಸಿತು. ಮಳೆ ಕಡಿಮೆಯಾಗಲಿಲ್ಲ, ಸಾವು ಕಡಿಮೆಯಾಯಿತು.

ಆ ಪಾಠ ಕನ್ನಡನಾಡಿಗೂ ಸಲ್ಲುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಬಡಾವಣೆಗಳಲ್ಲಿಯೂ ನೆಲ ಜಾರಿತು. ಹಿತ್ತಿಲ ತಡೆಗೋಡೆಯ ರಂಧ್ರದಿಂದ ತಿಳಿನೀರು ಜಿನುಗುತ್ತಿದ್ದರೆ ಅಂಜಬೇಕಾದುದಿಲ್ಲ. ಮಳೆಗಾಲದಲ್ಲಿ ಅದು ತಟಕ್ಕನೆ ನಿಂತರೆ ಅಂಜಬೇಕು. ಅಂದಕ್ಕೆಂದು ಆ ರಂಧ್ರಕ್ಕೆ ಗಾರೆ ಮೆತ್ತುವವನು ಬೆಟ್ಟವನ್ನು ಮನೆಯೊಳಕ್ಕೆ ಕರೆದಂತೆ.