ನಗೆಯೆಂಬ ಅತಿಚಾರ

ಕಳೆದ ಚಾತುರ್ಮಾಸದ ಒಂದು ಮಳೆಯ ಸಂಜೆ, ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ, ಮೊಮ್ಮಗಳು ತನ್ನ ಲ್ಯಾಪ್‌ಟಾಪನ್ನು ನನ್ನ ಓದುವ ಮೇಜಿನ ಮೇಲೆ ತಂದಿಟ್ಟು, “ತಾತ, ಈ ಸಿನಿಮಾ ನೋಡಿ. ಆಮೇಲೆ ಬೇಕಾದರೆ ಬೈಯಿರಿ” ಎಂದಳು. ಅದು 1971ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಹೆರಾಲ್ಡ್ ಅಂಡ್ ಮಾಡ್’ ಎಂಬ ಚಿತ್ರ. ನಿರ್ದೇಶಕ ಹ್ಯಾಲ್ ಆ್ಯಶ್ಬಿ. ಚಿತ್ರಕಥೆ ಬರೆದವನು ಆಗಿನ್ನೂ ಸಿನಿಮಾ ವಿದ್ಯಾರ್ಥಿಯಾಗಿದ್ದ ಕಾಲಿನ್ ಹಿಗಿನ್ಸ್. ಹಳಗನ್ನಡ ಕಾವ್ಯ, ಶಾಸನಗಳ ನಡುವೆ ಆಯುಷ್ಯ ಕಳೆದ ನನಗೆ ಇಂತಹ ಚಿತ್ರಗಳ ಪರಿಚಯ ಕಡಿಮೆ. ಆದರೂ ನೋಡಿದೆ. ನೋಡಿ ಬೈಯಲಾಗಲಿಲ್ಲ. ಆ ರಾತ್ರಿ ನಿದ್ರೆಯೂ ಬರಲಿಲ್ಲ. ಅದರ ಕಾರಣವನ್ನು ಬರೆದಿಡುವುದು ಈ ಲೇಖನದ ಉದ್ದೇಶ.

ಕಥೆ ಸರಳ. ಹೆರಾಲ್ಡ್ ಸಿರಿವಂತರ ಮನೆಯ ಒಬ್ಬನೇ ಮಗ. ವಯಸ್ಸು ಇಪ್ಪತ್ತರ ಆಸುಪಾಸು. ಸತ್ತಂತೆ ನಟಿಸಿ ತಾಯಿಯನ್ನು ಬೆಚ್ಚಿಬೀಳಿಸುವುದು, ಗುರುತಿಲ್ಲದವರ ಶವಸಂಸ್ಕಾರಗಳಿಗೆ ಹೋಗಿ ಕುಳಿತುಕೊಳ್ಳುವುದು ಅವನ ಹವ್ಯಾಸ. ತಾಯಿಯಾದರೋ ಬೆಚ್ಚುವುದನ್ನೂ ಬಿಟ್ಟು, ಗಣಕಯಂತ್ರದ ಮೂಲಕ ಅವನಿಗೆ ಕನ್ಯೆಯರನ್ನು ಹುಡುಕುತ್ತಿದ್ದಾಳೆ. ಇಂತಹ ಒಂದು ಶವಸಂಸ್ಕಾರದಲ್ಲಿ ಅವನಿಗೆ ಮಾಡ್ ಎಂಬ ವೃದ್ಧೆಯ ಪರಿಚಯವಾಗುತ್ತದೆ. ಆಕೆಗೆ ಎಂಬತ್ತು ತುಂಬಲು ಇನ್ನು ಕೆಲವೇ ದಿನಗಳಿವೆ. ಪರಿಚಯ ಸ್ನೇಹವಾಗಿ, ಸ್ನೇಹ ಪ್ರೇಮವಾಗಿ, ಹೆರಾಲ್ಡ್ ಅವಳನ್ನೇ ಮದುವೆಯಾಗುವೆನೆಂದು ಹೊರಡುತ್ತಾನೆ. ತಾಯಿ, ಸೇನಾಧಿಕಾರಿಯಾದ ಮಾವ, ಮನೋವೈದ್ಯ, ಪಾದ್ರಿ ಎಲ್ಲರೂ ಹೌಹಾರುತ್ತಾರೆ. ಮಾಡ್ ಪಾತ್ರ ವಹಿಸಿದ ರೂತ್ ಗೋರ್ಡನ್‌ಗೆ ಚಿತ್ರ ತೆರೆಕಂಡಾಗ ಎಪ್ಪತ್ತೈದು, ನಾಯಕ ಬಡ್ ಕಾರ್ಟ್‌ಗೆ ಇಪ್ಪತ್ಮೂರು. ಚಿತ್ರ ಆಗ ಸೋತಿತು. ವರ್ಷಗಳು ಕಳೆದಂತೆ ಅಭಿಮಾನಿಗಳನ್ನು ಕೂಡಿಸಿಕೊಂಡಿತು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಸೇರಿತು.

ನೋಡುವಾಗ ನನ್ನ ಅಭ್ಯಾಸಬಲದಿಂದ ಮಾಡ್‌ಳನ್ನು ಅಣುವ್ರತಗಳ ಒರೆಗಲ್ಲಿಗೆ ಹಚ್ಚಿದೆ. ಅಚೌರ್ಯದಲ್ಲಿ ಆಕೆ ಮೊದಲ ದೃಶ್ಯದಲ್ಲಿಯೇ ಸೋಲುತ್ತಾಳೆ: ಕಂಡವರ ವಾಹನವನ್ನು ಕೇಳದೆ ಓಡಿಸಿಕೊಂಡು ಹೋಗುತ್ತಾಳೆ, ನಗರದ ಬೀದಿಯಲ್ಲಿ ಉಸಿರುಗಟ್ಟಿ ನಿಂತ ಒಂದು ಗಿಡವನ್ನು ಕಿತ್ತು ಕಾಡಿಗೆ ಒಯ್ದು ನೆಡುತ್ತಾಳೆ. ಅಪರಿಗ್ರಹದಲ್ಲಿ ಮಾತ್ರ ಶ್ರಾವಕರನೇಕರು ಆಕೆಯ ಮುಂದೆ ತಲೆತಗ್ಗಿಸಬೇಕು. ಹೆರಾಲ್ಡ್ ಪ್ರೀತಿಯಿಂದ ಕೊಟ್ಟ ಕಾಣಿಕೆಯನ್ನು ಆಕೆ ಆ ಕ್ಷಣವೇ ನೀರಿಗೆಸೆಯುತ್ತಾಳೆ. ಇನ್ನು ಅದು ಎಲ್ಲಿದೆಯೆಂದು ತನಗೆ ಯಾವಾಗಲೂ ಗೊತ್ತಿರುತ್ತದೆ ಎನ್ನುತ್ತಾಳೆ. ಮತ್ತೊಂದೆಡೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಆಕೆಯ ತೋಳಿನ ಮೇಲೆ ಹಚ್ಚೆ ಹೊಯ್ದ ಸಂಖ್ಯೆ ಕಾಣುತ್ತದೆ. ನಾಜಿಗಳ ಸೆರೆಶಿಬಿರವನ್ನು ಕಂಡು ಉಳಿದುಬಂದವಳೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲಿಯವರೆಗೆ ಮೊಮ್ಮಗಳೊಡನೆ ನಾನೂ ನಗುತ್ತಿದ್ದೆ. ಆ ಸಂಖ್ಯೆ ಕಂಡಮೇಲೆ ನನ್ನ ನಗೆಯನ್ನು ನಾನೇ ಪ್ರಶ್ನಿಸಿಕೊಳ್ಳತೊಡಗಿದೆ. ನಾವು ನಗುತ್ತಿದ್ದುದು ಯಾವುದಕ್ಕೆ? ಅರುವತ್ತು ವರ್ಷಗಳ ಅಂತರಕ್ಕೋ, ಅಥವಾ ಆ ಅಂತರದಲ್ಲಿ ಹಿರಿಯಳು ಹೆಣ್ಣಾಗಿರುವುದಕ್ಕೋ?

ವಯಸ್ಸಿನ ಅಂತರ ನಮ್ಮ ನಾಡಿಗೆ ಹೊಸದಲ್ಲ. ಕನ್ನಡದ ಮೊದಲ ಸಾಮಾಜಿಕ ನಾಟಕವೆಂದು ಗಣಿಸಲಾಗುವ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಉತ್ತರ ಕನ್ನಡದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ಪ್ರಕಟಿಸಿದ್ದು 1887ರಲ್ಲಿ. ಹಣ ಪಡೆದು ಹೆಣ್ಣು ಕೊಡುವ ಕನ್ಯಾವಿಕ್ರಯವೇ ಅದರ ವಸ್ತು. ಹಣವೇ ವರನ ಯೋಗ್ಯತೆಯಾದಾಗ ಎಳೆಯ ಹುಡುಗಿಯರು ಯಾರ ಪಾಲಾಗುತ್ತಿದ್ದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದಾದ ಏಳು ವರ್ಷಕ್ಕೆ, 1894ರಲ್ಲಿ, ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಯುವ ಕಾಯಿದೆಯನ್ನು ತಂದಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಹದಿನಾಲ್ಕು ತುಂಬದ ಹುಡುಗಿಯನ್ನು ಐವತ್ತು ದಾಟಿದ ಗಂಡಸಿಗೆ ಕೊಡುವುದನ್ನೂ ಅದು ನಿಷೇಧಿಸಿತು. ಕಾಯಿದೆಯ ಮಾತನ್ನು ಓದುಗರು ಗಮನವಿಟ್ಟು ನೋಡಬೇಕು. ನಿಷೇಧಿಸಬೇಕಾಯಿತೆಂದರೆ ನಡೆಯುತ್ತಿತ್ತೆಂದೇ ಅರ್ಥ. ಐವತ್ತರ ಗೆರೆ ಎಳೆದರೆಂದರೆ, ನಲವತ್ತರ ವರನನ್ನು ಕಂಡು ಯಾರೂ ಹುಬ್ಬೇರಿಸುತ್ತಿರಲಿಲ್ಲವೆಂದು ಅರ್ಥ.

ನನ್ನ ಸೋದರತ್ತೆಯ ಮದುವೆ ಆ ಗೆರೆಯ ಈಚೆಗೇ ನಡೆಯಿತು. 1943, ಹಾಸನ ಜಿಲ್ಲೆಯ ನಮ್ಮ ಹಳ್ಳಿ. ಅತ್ತೆಗೆ ಹದಿಮೂರು, ವರನಿಗೆ ನಲವತ್ತೆರಡು. ಅವರಿಗದು ಮೂರನೆಯ ಸಂಬಂಧ. ಅಡಕೆ ತೋಟ, ಹೆಂಚಿನ ಮನೆ, ಬಸದಿಯ ಪೂಜೆಗೆ ಹಿರಿಯರು ಬಿಟ್ಟ ಜಮೀನು ಎಲ್ಲವೂ ಇದ್ದ ಮನೆತನ. ಮದುವೆಯಲ್ಲಿ ಯಾರೂ ನಗಲಿಲ್ಲ. ಒಳ್ಳೆಯ ಕಡೆ ಸೇರಿದಳು ಎಂದು ನಮ್ಮಜ್ಜಿ ಸಾಯುವವರೆಗೂ ಹೇಳುತ್ತಿದ್ದರಂತೆ. ಒಂಬತ್ತು ವರ್ಷದ ಬಳಿಕ, ಮಕ್ಕಳಿಲ್ಲದೆ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅತ್ತೆ ವಿಧವೆಯಾಗಿ ತವರಿಗೆ ಮರಳಿದರು.

ಅತ್ತೆಗೆ ಓದು ಬರುತ್ತಿತ್ತು, ಕಂಠವಿತ್ತು. ರತ್ನಾಕರವರ್ಣಿಯ ‘ಭರತೇಶ ವೈಭವ’ ಸಾಂಗತ್ಯದಲ್ಲಿರುವುದರಿಂದ ಹಾಡಿಕೊಂಡು ಓದುವುದಕ್ಕೆ ಹೇಳಿ ಮಾಡಿಸಿದ ಕಾವ್ಯ. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ನಡುಮನೆಯಲ್ಲಿ ಕುಳಿತು ಅದನ್ನು ಹಾಡುತ್ತಿದ್ದರು; ಕೇರಿಯ ಹೆಂಗಸರು ಬಂದು ಕೇಳುತ್ತಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ನಮ್ಮೂರ ಶಾಲೆಗೆ ಹೊಸ ಮೇಷ್ಟರೊಬ್ಬರು ಬಂದರು. ಇಪ್ಪತ್ತೆಂಟರ ವಯಸ್ಸು, ನಮ್ಮವರಲ್ಲ, ಕಾವ್ಯದ ಹುಚ್ಚಿತ್ತು. ಜಗಲಿಯ ಕೊನೆಯಲ್ಲಿ ಕುಳಿತು ಕೇಳತೊಡಗಿದರು. ಕೆಲವು ದಿನ ಕಳೆದ ಮೇಲೆ ತಿಳಿಯದ ಪದಗಳಿಗೆ ಅರ್ಥ ಕೇಳತೊಡಗಿದರು, ಅತ್ತೆ ಹೇಳತೊಡಗಿದರು. ಹೆಂಗಸರು ಎದ್ದುಹೋದ ಮೇಲೂ ಕೆಲವೊಮ್ಮೆ ಆ ಪ್ರಶ್ನೋತ್ತರ ಮುಂದುವರಿಯುತ್ತಿತ್ತು. ನಡುವೆ ಒಂದು ಹೊಸ್ತಿಲು, ಒಂದು ಲಾಟೀನು. ನಾನು ಕಂಡದ್ದು ಇಷ್ಟೇ. ಇದಕ್ಕಿಂತ ಹೆಚ್ಚಿನದು ಇತ್ತೋ ಇಲ್ಲವೋ ಎಂಬುದನ್ನು ಊಹಿಸುವ ಅಧಿಕಾರ ನನಗಿಲ್ಲ.

1973ರಲ್ಲಿ ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ ಬಂದಿತು. ಭಾರತೀಸುತರ ಕಾದಂಬರಿಯನ್ನು ಆಧರಿಸಿದ ಚಿತ್ರ. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಸುಖಕ್ಕೆ ಎರವಾದ ಸೇನಾಧಿಕಾರಿಯ ಹೆಂಡತಿ ಮಾಧವಿಯಾಗಿ ಜಯಂತಿ. ಆಕೆಯ ಮನಸ್ಸು ಹರಿಯುವುದು ನಂಜುಂಡನೆಂಬ ಎಳೆಯ ಯುವಕನ ಕಡೆಗೆ. ಆ ಪಾತ್ರ ಮಾಡಿದ ಚಂದ್ರಶೇಖರ್ ಅವರ ಹೆಸರಿನ ಹಿಂದೆ ‘ಎಡಕಲ್ಲು ಗುಡ್ಡ’ ಕೊನೆಯವರೆಗೂ ಅಂಟಿಕೊಂಡಿತು. ಪುಟ್ಟಣ್ಣನವರು ಮಾಧವಿಯನ್ನು ನಗೆಗೀಡು ಮಾಡಲಿಲ್ಲ. ಆಕೆಯ ಸಂಕಟಕ್ಕೆ ಗಾಂಭೀರ್ಯ ಕೊಟ್ಟರು. ನಗೆಗೀಡು ಮಾಡಿದವರು ನಾವು, ನೋಡಿ ಬಂದ ಹುಡುಗರು. ಹಾಸನದ ಕಾಲೇಜಿನಲ್ಲಿ ಓದುತ್ತಿದ್ದ ನಾನು ಚಿತ್ರ ನೋಡಿ, ರಜೆಗೆ ಊರಿಗೆ ಬಂದವನು, ಒಂದು ಮಧ್ಯಾಹ್ನ ಊಟದ ಪಂಕ್ತಿಯಲ್ಲಿ, ಅಜ್ಜ, ಅಪ್ಪ, ಚಿಕ್ಕಪ್ಪಂದಿರೆಲ್ಲ ಕುಳಿತಿರುವಾಗ, “ಹಾಸನದವರೆಗೆ ಯಾಕೆ ಹೋಗಬೇಕು, ಎಡಕಲ್ಲು ಗುಡ್ಡ ನಮ್ಮ ಜಗಲಿಯಲ್ಲೇ ಇದೆ” ಎಂದೆ.

ಚಿಕ್ಕಪ್ಪ ಗೊಳ್ಳೆಂದು ನಕ್ಕರು. ಅಪ್ಪ ನಗಲಿಲ್ಲ. ಅಜ್ಜ ಎಲೆ ಬಿಟ್ಟು ಎದ್ದರು. ಅತ್ತೆ ಕೈಯಲ್ಲಿ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದುದನ್ನು ನಾನು ಆಮೇಲೆ ನೋಡಿದೆ. ಮರುದಿನದಿಂದ ಮೇಷ್ಟರು ಬರಲಿಲ್ಲ. ಎರಡು ತಿಂಗಳಲ್ಲಿ ಅವರಿಗೆ ವರ್ಗವಾಯಿತು. ಯಾರು ಯಾರಿಗೆ ಏನು ಹೇಳಿದರೋ ನನಗೆ ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಅತ್ತೆ ಆಮೇಲೆ ದನಿಯೆತ್ತಿ ಓದಿದ್ದನ್ನು ನಾನು ಕೇಳಿಲ್ಲ.

ಒಂದು ಲೆಕ್ಕವನ್ನು ಆ ದಿನ ನಮ್ಮ ಮನೆಯಲ್ಲಿ ಯಾರೂ ಹಾಕಲಿಲ್ಲ. ಅತ್ತೆಗೂ ಮೇಷ್ಟರಿಗೂ ಇದ್ದ ಅಂತರ ಹದಿನೈದು ವರ್ಷ. ಅತ್ತೆಗೂ, ನಾವೇ ಮುಂದೆ ನಿಂತು ಧಾರೆಯೆರೆದು ಕೊಟ್ಟ ಗಂಡನಿಗೂ ಇದ್ದ ಅಂತರ ಇಪ್ಪತ್ತೊಂಬತ್ತು.

ಮುಂದೆ ನಾನು ಕನ್ನಡ ಅಧ್ಯಾಪಕನಾದೆ. 1209ರಲ್ಲಿ ಜನ್ನ ಬರೆದು ಮುಗಿಸಿದ ‘ಯಶೋಧರ ಚರಿತೆ’ಯನ್ನು ಹಲವು ಬಾರಿ ಪಾಠ ಹೇಳಿದೆ. ಅರಸನ ಮಗ್ಗುಲಲ್ಲಿ ಮಲಗಿದ ಅಮೃತಮತಿ ಇರುಳಿನಲ್ಲಿ ಕೇಳಿಬಂದ ಮಾವುತನ ಹಾಡಿಗೆ ಸೋಲುತ್ತಾಳೆ. ಮರುದಿನ ಅವನ ಕುರೂಪದ ವರ್ಣನೆಯನ್ನು ಕೇಳಿಯೂ ಹಿಂದೆಗೆಯುವುದಿಲ್ಲ. ಇಲ್ಲಿ ಅಂತರ ವಯಸ್ಸಿನದಲ್ಲ, ರೂಪದ್ದು, ಅಂತಸ್ತಿನದು. ಅಷ್ಟಾವಂಕನ ವರ್ಣನೆ ಬಂದಾಗ ತರಗತಿ ನಗುತ್ತಿತ್ತು, ನಾನೂ ನಗಿಸುತ್ತಿದ್ದೆ. ಮುಂದೆ ಅವಳು ಗಂಡನಿಗೂ ಅತ್ತೆಗೂ ವಿಷವಿಕ್ಕುವುದನ್ನು ಯಾರೂ ಸಮರ್ಥಿಸಲಾರರು. ಜನ್ನನ ಕಾವ್ಯ ಇರುವುದೇ ಹಿಂಸೆಯ ಫಲವನ್ನು ಕಾಣಿಸಲು, ಹಿಟ್ಟಿನ ಕೋಳಿಯನ್ನು ಕೊಂದ ಸಂಕಲ್ಪಹಿಂಸೆಗೂ ಭವಭವಗಳ ದಂಡವಿದೆಯೆಂದು ತಿಳಿಸಲು. ಆದರೆ ವಿಷವಿಕ್ಕುವುದಕ್ಕೂ ಮೊದಲು, ಒಂದು ಹಾಡು ಕಿವಿಗೆ ಬಿದ್ದು ಒಂದು ಜೀವ ಎಚ್ಚತ್ತುಕೊಂಡ ಆ ಗಳಿಗೆಯಲ್ಲಿ ನಗುವಂಥದ್ದು ಏನಿತ್ತು? ಕೊಂದದ್ದು ಹಿಟ್ಟಿನ ಕೋಳಿಯನ್ನಾದರೂ ಹಿಂಸೆ ಹಿಂಸೆಯೇ ಎಂದು ವಿವರಿಸುತ್ತಿದ್ದ ನನಗೆ, ಆಡಿದ್ದು ಬರಿಯ ತಮಾಷೆಯ ಮಾತಾದರೂ ಅದು ಹಿಂಸೆಯೇ ಎಂಬುದು ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ಏಕೆಂದರೆ ತತ್ತ್ವಾರ್ಥಸೂತ್ರದಲ್ಲಿ ಅನರ್ಥದಂಡವಿರತಿಯ ಅತಿಚಾರಗಳನ್ನು ಎಣಿಸುವಾಗ ಮೊದಲು ಬರುವುದೇ ಕಂದರ್ಪ. ರಾಗದ ಉದ್ರೇಕದಿಂದ ನಗೆಯನ್ನು ಬೆರೆಸಿ ಆಡುವ ಅಶಿಷ್ಟ ಮಾತು ಎಂದು ವ್ಯಾಖ್ಯಾನಕಾರರು ಅದನ್ನು ವಿವರಿಸುತ್ತಾರೆ. ಯಾವ ಪ್ರಯೋಜನವೂ ಇಲ್ಲದೆ ಇನ್ನೊಂದು ಜೀವಕ್ಕೆ ದಂಡ ವಿಧಿಸುವುದು ಅನರ್ಥದಂಡ. ನನ್ನ ಒಂದು ವಾಕ್ಯಕ್ಕೆ ಇದಕ್ಕಿಂತ ನಿಖರವಾದ ಹೆಸರು ಯಾವ ನಿಘಂಟಿನಲ್ಲಿಯೂ ಸಿಗಲಾರದು.

ಅತ್ತೆಯ ಕೊನೆಯ ವರ್ಷಗಳು ನಮ್ಮೊಡನೆ ಪುಟ್ಟೇನಹಳ್ಳಿಯಲ್ಲಿಯೇ ಕಳೆದವು. ಬೆಳಗಿನ ಹೊತ್ತು ಅವರನ್ನು ಕೆರೆಯ ಕಡೆಗೆ ನಿಧಾನವಾಗಿ ನಡೆಸಿಕೊಂಡು ಹೋಗುತ್ತಿದ್ದೆ. 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಕೆರೆ ಅದು. ಬಣ್ಣದ ಕೊಕ್ಕರೆಗಳನ್ನು ಅತ್ತೆ ಬೇಲಿಯಾಚೆಯಿಂದ ಬಹಳ ಹೊತ್ತು ನೋಡುತ್ತಿದ್ದರು. ಅದೇ ವರ್ಷದ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಯೆಂದು ಪರಿಗಣಿಸಿ ತೀರ್ಪು ನೀಡಿತು. 31ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆ ಮೂರು ವಾರ ಮನೆಗೆ ಬಂದವರೆಲ್ಲ ಅದನ್ನೇ ಚರ್ಚಿಸುತ್ತಿದ್ದರು. ಎಂಬತ್ತೈದರ ಅತ್ತೆ ಒಮ್ಮೆ ಮಾತ್ರ ಬಾಯಿ ಹಾಕಿದರು: “ಬದುಕೋಕೆ ನಮ್ಮನ್ನ ಯಾರೂ ಕೇಳಲಿಲ್ಲ. ಸಾಯೋ ವಿಷಯಕ್ಕೆ ಮಾತ್ರ ಎಷ್ಟು ಜನ ಕೇಳ್ತಾರೆ ನೋಡು.”

ಈ ಮಾತು ನೆನಪಾದದ್ದು ಚಿತ್ರದ ಕೊನೆಯಲ್ಲಿ. ಮಾಡ್ ತನ್ನ ಎಂಬತ್ತನೆಯ ಹುಟ್ಟುಹಬ್ಬದಂದೇ, ಮೊದಲೇ ನಿಶ್ಚಯಿಸಿಕೊಂಡಂತೆ, ಜೀವ ಬಿಡುತ್ತಾಳೆ. ನಮ್ಮ ಆಚಾರ್ಯರ ದೃಷ್ಟಿಯಲ್ಲಿ ಇದು ಸಮಾಧಿಮರಣವಲ್ಲ. ಪರಿಹಾರವಿಲ್ಲದ ಉಪಸರ್ಗ, ಕ್ಷಾಮ, ಮುಪ್ಪು, ರೋಗಗಳು ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದಕ್ಕೆ ಮಾತ್ರ ಸಮಂತಭದ್ರರು ಸಲ್ಲೇಖನವೆಂಬ ಹೆಸರನ್ನು ಕೊಡುತ್ತಾರೆ. ಅಲ್ಲಿ ಬದುಕಿನ ಆಸೆ ಹೇಗೆ ದೋಷವೋ, ಸಾವಿನ ಆಸೆಯೂ ಹಾಗೆಯೇ ದೋಷ. ಆರೋಗ್ಯವಂತೆಯಾಗಿ, ಬೇಕೆಂದು ದಿನ ಗೊತ್ತುಮಾಡಿದ ಮಾಡ್‌ಳನ್ನು ಇಲ್ಲಿ ನಾನು ಒಪ್ಪಲಾರೆ; ಆಸ್ಪತ್ರೆಯಲ್ಲಿ ಕುಸಿದು ಕೂತ ಹೆರಾಲ್ಡ್‌ನ ಮುಖ ನೋಡಿದರೆ ಚಿತ್ರವೂ ಪೂರ್ತಿ ಒಪ್ಪಿದಂತಿಲ್ಲ. ಆದರೆ ಸಾವನ್ನು ಆಟವಾಗಿಸಿಕೊಂಡಿದ್ದ ಹುಡುಗ ಕೊನೆಗೆ ತನ್ನ ಶವವಾಹನವನ್ನು ಕಣಿವೆಗೆ ಬೀಳಲು ಬಿಟ್ಟು, ತಾನು ದಂಡೆಯಲ್ಲಿ ಉಳಿದು, ಅವಳು ಕೊಟ್ಟ ವಾದ್ಯವನ್ನು ನುಡಿಸುತ್ತ ನಡೆದುಹೋಗುತ್ತಾನೆ. ಒಬ್ಬ ಹಿರಿಯಳು ಒಬ್ಬ ಕಿರಿಯನಿಗೆ ಹಾಡನ್ನು ಕೊಟ್ಟುಹೋದಳು. ನಮ್ಮ ಜಗಲಿಯಲ್ಲಿಯೂ ನಡೆಯುತ್ತಿದ್ದುದು ಅದೇ. ನಾನು ಅದನ್ನು ನಿಲ್ಲಿಸಿದೆ.

ಪ್ರತಿವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂದಾಗ ಅತ್ತೆಯ ಕಾಲು ಮುಟ್ಟಿ, ಅರಿತೋ ಅರಿಯದೆಯೋ ಮಾಡಿದ ತಪ್ಪನ್ನು ಕ್ಷಮಿಸಬೇಕೆಂದು ಕೇಳುತ್ತಿದ್ದೆ. ಆ ಸಿದ್ಧವಾಕ್ಯದ ಮರೆಯಲ್ಲಿ ನನ್ನ ತಪ್ಪು ನಲವತ್ತಕ್ಕೂ ಹೆಚ್ಚು ವರ್ಷ ಅಡಗಿ ಕುಳಿತಿತ್ತು. 2016ರಲ್ಲಿ ಒಮ್ಮೆ ಮಾತ್ರ, ಹೆಸರಿಟ್ಟು ಹೇಳಿಬಿಡಬೇಕೆಂದು, “ಅತ್ತೆ, ಆ ಊಟದ ದಿನ...” ಎಂದು ತೊಡಗಿದೆ. ಅತ್ತೆ ನನ್ನ ಮುಖ ನೋಡಿದರು. “ಕ್ಷಮೆ ಎಲ್ಲ ಪ್ರತಿ ವರ್ಷ ಕೇಳ್ತೀಯಲ್ಲ, ಆಯ್ತು. ಹಾಲು ಮುಗಿದಿದೆ, ಹೋಗಿ ತಗೊಂಡು ಬಾ” ಎಂದರು. ನಾನು ಹಾಲು ತರಲು ಹೋದೆ. ಹೋಗುವಾಗ ನನಗಾದದ್ದು ಬಿಡುಗಡೆಯೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಮುಂದಿನ ಕ್ಷಮಾವಾಣಿಯ ಹೊತ್ತಿಗೆ ಅತ್ತೆ ಇರಲಿಲ್ಲ.

ಚಿತ್ರ ನೋಡಿದ ರಾತ್ರಿ ಎದ್ದು, ಅತ್ತೆಯ ‘ಭರತೇಶ ವೈಭವ’ವನ್ನು ಕಪಾಟಿನಿಂದ ತೆಗೆದೆ. ಓದು ನಿಂತ ಸಂಧಿಯಲ್ಲಿ ಏನಾದರೂ ಗುರುತು ಇರಬಹುದೆಂದು ಹಾಳೆಹಾಳೆ ತಿರುವಿದೆ. ಎಲ್ಲಿಯೂ ಇರಲಿಲ್ಲ. ಬೆಳಿಗ್ಗೆ ಮೊಮ್ಮಗಳು, “ಬೈಯಲೇ ಇಲ್ಲವಲ್ಲ ತಾತ?” ಎಂದಳು. ಅವಳನ್ನು ಕೂರಿಸಿಕೊಂಡು ಇಲ್ಲಿ ಬರೆದದ್ದಷ್ಟನ್ನೂ ಹೇಳಿದೆ. ಅವಳು ನಗಲಿಲ್ಲ. ಅರಿತೇ ಮಾಡಿದ ತಪ್ಪಿಗೆ ಕ್ಷಮೆ ಕೇಳಬೇಕಾದವರು ಈಗಿಲ್ಲ; ಆದ್ದರಿಂದ ಓದುಗರ ಮುಂದೆ ಅದನ್ನು ಹೆಸರಿಟ್ಟು ಹೇಳಿದ್ದೇನೆ.