ನೀರುಕಾಗೆಯ ಕೊಡೆ

ಅಣ್ಣನ ಮಗಳಿಗೆ ಈ ವರ್ಷ ಹತ್ತನೇ ತರಗತಿ. ಭಾನುವಾರ ಬೆಳಿಗ್ಗೆ ವ್ಯಾಕರಣದ ನೋಟ್‌ಬುಕ್ ಹಿಡಿದುಕೊಂಡೇ ನನ್ನ ಜೊತೆ ಜಕ್ಕೂರು ಕೆರೆಗೆ ಬಂದಳು. ‘ಅಲಂಕಾರವನ್ನು ಹೆಸರಿಸಿ, ಸಮನ್ವಯಗೊಳಿಸಿ’ ಎಂಬ ಪ್ರಶ್ನೆಗೆ ಉತ್ತರ ಅವಳ ನಾಲಿಗೆ ತುದಿಯಲ್ಲೇ ಇತ್ತು. ಉಪಮೇಯ ಮುಖ, ಉಪಮಾನ ಕಮಲ, ವಾಚಕಪದ ‘ಅಂತೆ’, ಸಮಾನಧರ್ಮ ಅರಳುವುದು. ಒಂದೇ ಉಸಿರಿಗೆ ಒಪ್ಪಿಸಿದಳು.

‘ಕಮಲ ಅರಳೋದು ನೋಡಿದ್ದೀಯೇನಮ್ಮಾ?’

‘ಇಲ್ಲ ಚಿಕ್ಕಪ್ಪ, ಪೂಜೆಗೆ ತರೋ ಮೊಗ್ಗು ನೋಡಿದ್ದೀನಿ ಅಷ್ಟೆ.’

ನನಗೆ ಕರುಳು ಚುರುಕ್ ಎಂದಿತು. ಸಮಾನಧರ್ಮವನ್ನು ಕಣ್ಣಾರೆ ಕಾಣದೆ ಮೂರು ಅಂಕ ಪಡೆಯಬಹುದು, ಉಪಮೆಯ ರುಚಿ ಹತ್ತುವುದಿಲ್ಲ.

ಶುದ್ಧೀಕರಣ ಘಟಕದಿಂದ ಬರುವ ನೀರು ಜೊಂಡಿನ ನಡುವೆ ಸೋಸಿಕೊಂಡು ಕೆರೆ ಸೇರುವ ಕಡೆ ನಿಂತೆವು. ‘ಜೊಂಡು ಜರಡಿಯಂತಿದೆ ಅಂದರೆ ಉಪಮೆ. ಜೊಂಡೇ ಜರಡಿ ಅಂದುಬಿಟ್ಟರೆ ರೂಪಕ’ ಎಂದೆ. ಕುಮಾರವ್ಯಾಸನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ, ಲಕ್ಷ್ಮೀಶನಿಗೆ ಉಪಮಾಲೋಲ ಎಂಬ ಬಿರುದುಗಳು ಅವಳಿಗೆ ಗೊತ್ತಿದ್ದವು. ಅವುಗಳ ನಡುವಿನ ಅಂತರ ಒಂದು ‘ಅಂತೆ’ಯಷ್ಟು ಎಂಬುದು ಈಗ ಹೊಳೆದು ನಕ್ಕಳು.

ಅಷ್ಟರಲ್ಲಿ ಹೆಜ್ಜಾರ್ಲೆಯೊಂದು ಕಾಲು ಮುಂದೆ ಚಾಚಿ, ನೀರು ಸೀಳುತ್ತಾ ಬಂದು ಕೂತಿತು. ‘ವಿಮಾನದ ಥರ ಇಳೀತು!’ ಅಂದಳು. ನಮ್ಮಮ್ಮ ಏರೋಡ್ರಂ ಕಡೆಯ ಪುಟ್ಟ ವಿಮಾನಗಳನ್ನು ನೋಡಿ ‘ಕೊಕ್ಕರೆ ಇಳಿದಂಗೆ ಇಳೀತು ನೋಡು’ ಅನ್ನುತ್ತಿದ್ದರು. ಅಮ್ಮನಿಗೆ ಮೊದಲಿನಿಂದ ಗೊತ್ತಿದ್ದದ್ದು ಹಕ್ಕಿ, ಈ ಹುಡುಗಿಗೆ ವಿಮಾನ. ಗೊತ್ತಿದ್ದದ್ದೇ ಉಪಮಾನ. ಎರಡನ್ನೂ ಒಟ್ಟಿಗೆ ಹೇಳಿದರೆ ಅದಕ್ಕೂ ಆಲಂಕಾರಿಕರು ಹೆಸರಿಟ್ಟಿದ್ದಾರೆ, ಉಪಮೇಯೋಪಮೆ ಅಂತ. 9ನೇ ಶತಮಾನದಲ್ಲೇ ಕವಿರಾಜಮಾರ್ಗದ ಶ್ರೀವಿಜಯ ದಂಡಿಯ ಜಾಡು ಹಿಡಿದು, ಮೂರನೇ ಪರಿಚ್ಛೇದವನ್ನು ಇಡಿಯಾಗಿ ಅರ್ಥಾಲಂಕಾರಗಳಿಗೆ ಮೀಸಲಿಟ್ಟ. ಮನುಷ್ಯರು ಎಷ್ಟೆಷ್ಟು ಬಗೆಯಲ್ಲಿ ನೋಡುತ್ತಾರೆ ಎಂಬುದನ್ನು ಹೀಗೆ ಕೂತು ಎಣಿಸಿದವರ ಮೇಲೆ ನನಗೆ ಬಹಳ ಪ್ರೀತಿ.

ಅವಳಿಗೆ ತೊಡಕಾಗಿದ್ದದ್ದು ಉತ್ಪ್ರೇಕ್ಷೆ. ಆಡುಮಾತಿನಲ್ಲಿ ಉತ್ಪ್ರೇಕ್ಷೆ ಅಂದರೆ ಇದ್ದದ್ದನ್ನು ದೊಡ್ಡದು ಮಾಡಿ ಹೇಳುವುದು. ಅಲಂಕಾರಶಾಸ್ತ್ರದಲ್ಲಿ ಹಾಗಲ್ಲ, ಹಿಗ್ಗಿಸಿ ಹೇಳುವುದಕ್ಕೆ ಅಲ್ಲಿ ಅತಿಶಯೋಕ್ತಿ ಬೇರೆ ಇದೆ. ಕಣ್ಣೆದುರಿನ ಒಂದನ್ನು ಇನ್ನೊಂದಿರಬಹುದೇನೋ ಎಂದು ಕಲ್ಪಿಸುವುದು ಉತ್ಪ್ರೇಕ್ಷೆ. ಈ ಒಂದು ಶಬ್ದದಿಂದ ಎಷ್ಟು ಮಕ್ಕಳು ದಾರಿ ತಪ್ಪುತ್ತಾರೋ!

ಒಣಮರದ ಕೊಂಬೆಯ ಮೇಲೆ ನೀರುಕಾಗೆ ಕೂತಿತ್ತು. ಮುಳುಗಿ ಮೀನು ಹಿಡಿಯುವ ಹಕ್ಕಿ, ಅದರ ಪುಕ್ಕ ನೀರು ಹೀರಿಕೊಳ್ಳುತ್ತದೆ. ಅದಕ್ಕೇ ಮೇಲೆ ಬಂದು ರೆಕ್ಕೆ ಹರಡಿ ಬಿಸಿಲಿಗೆ ಕೂರುತ್ತದೆ. ಕಪ್ಪು ರೆಕ್ಕೆಯ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಅವಳು ತುಂಬಾ ಹೊತ್ತು ನೋಡಿದಳು. ಆಮೇಲೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಳು: ‘ಮಳೆಯಲ್ಲಿ ನೆನೆದ ಕೊಡೆಯನ್ನು ಯಾರೋ ಒಣಗಲು ಬಿಚ್ಚಿಟ್ಟಿದ್ದಾರೋ ಎಂಬಂತೆ ನೀರುಕಾಗೆ ಕುಳಿತಿತ್ತು.’

‘ಇದು ಉತ್ಪ್ರೇಕ್ಷೆ ತಾನೇ ಚಿಕ್ಕಪ್ಪ?’

ಹೌದು ಎನ್ನುವಷ್ಟರಲ್ಲಿ ಕೊಡೆ ಮಡಿಚಿಕೊಂಡು ನೀರಿಗೆ ಧುಮುಕಿತು.